ಹಳಿ ಕಾಯ್ದ ನಮ್ಮ ತಾತ

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟಾಗ ಸೇವೆ ಸಲ್ಲಿಸಿದ ಗುರುಗಳ ಹೆಸರು, ದೇವಾಲಯಕ್ಕೆ ಅಡಿಗಲ್ಲಿಟ್ಟ ದಿನ, ಗಂಟೆ ಗೋಪುರ ಎದ್ದ ವರ್ಷ ಇವು ಮೊದಲು ನೆನಪಿಗೆ ಬರುವುದು ಸಹಜ. ಇವುಗಳಿಗೆ ದಾಖಲೆಗಳುಂಟು. ಆದರೆ ಪ್ರತಿ ಭಾನುವಾರ ಹಿಂದಿನ ಸಾಲಿನಲ್ಲಿ ಮಂಡಿಯೂರಿ, ಬೆವರಿನ ದುಡ್ಡಿನಲ್ಲಿ ಒಂದಷ್ಟನ್ನು ಕಾಣಿಕೆಯ ತಟ್ಟೆಗೆ ಹಾಕಿ, ಮೌನವಾಗಿ ಮನೆಗೆ ಮರಳಿದ ಜನರ ಚರಿತ್ರೆ ಎಲ್ಲಿದೆ? ದೀಕ್ಷಾಸ್ನಾನದ ಪುಸ್ತಕದಲ್ಲಿ ಅವರ ಹೆಸರಿದೆ, ವಿವಾಹದ ಪುಸ್ತಕದಲ್ಲಿದೆ, ಮರಣದ ಪುಸ್ತಕದಲ್ಲಿಯೂ ಇದೆ. ಈ ಮೂರು ಸಾಲುಗಳ ನಡುವಿನ ಬದುಕು ಮಾತ್ರ ಬರೆಯದೆ ಉಳಿದಿದೆ. ಅಂಥವರಲ್ಲೊಬ್ಬರಾದ, ರೈಲ್ವೆಯಲ್ಲಿ ದುಡಿದು ನಿವೃತ್ತರಾದ ನಮ್ಮ ತಾತನವರನ್ನು ಮೊಮ್ಮಕ್ಕಳಾದ ನಾವು ಈ ಸಂಚಿಕೆಯಲ್ಲಿ ಸ್ಮರಿಸುತ್ತಿದ್ದೇವೆ.

ತಾತನವರು ಕಾಯ್ದ ಹಳಿ ಬೆಂಗಳೂರು–ಮೈಸೂರು ಮಾರ್ಗದ್ದು. ಆ ಮಾರ್ಗ ಹುಟ್ಟಿದ್ದೇ ಸಂಕಟದ ಕಾಲದಲ್ಲಿ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಭೀಕರ ಕ್ಷಾಮ ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಪ್ಯಾರಿಸ್ ವಿದೇಶಿ ಮಿಷನ್ ಸಭೆಯ ಗುರುಗಳು ತಬ್ಬಲಿ ಮಕ್ಕಳಿಗೆ ಆಶ್ರಯ ಕೊಟ್ಟದ್ದೂ ಆ ದಿನಗಳಲ್ಲಿಯೇ. ಹಸಿದವರಿಗೆ ಕೂಲಿ ದೊರಕಿಸುವ ಪರಿಹಾರ ಕಾಮಗಾರಿಯಾಗಿ ಈ ಮಾರ್ಗದ ಮಣ್ಣುಕೆಲಸ ನಡೆಯಿತು. 1881ರಲ್ಲಿ ಒಂದು ಭಾಗ ತೆರೆದು, 1882ರಲ್ಲಿ ಹಳಿ ಮೈಸೂರನ್ನು ಮುಟ್ಟಿತು. ಖಾಸಗಿ ಕಂಪೆನಿಗಳು ನಡೆಸುತ್ತಿದ್ದ ಮಾರ್ಗವನ್ನು ಮುಂದೆ ಮೈಸೂರು ಸಂಸ್ಥಾನವೇ ವಹಿಸಿಕೊಂಡಿತು. ತಾತನವರು ಕೆಲಸಕ್ಕೆ ಸೇರಿದ್ದು ಆ ಮೈಸೂರು ಸ್ಟೇಟ್ ರೈಲ್ವೆಗೆ. 1950ರಲ್ಲಿ ಅದು ಕೇಂದ್ರ ಸರ್ಕಾರದ ವಶಕ್ಕೆ ಬಂದು, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಅಂಗಿಯ ಮೇಲಿನ ಬಿಲ್ಲೆ ಬದಲಾಯಿತೇ ಹೊರತು ಕೈಯ ಸುತ್ತಿಗೆ ಬದಲಾಗಲಿಲ್ಲ ಎಂದು ಅವರು ನಗುತ್ತಿದ್ದರು.

ಗ್ಯಾಂಗಿನ ಆಳಾಗಿ ಸೇರಿದ ಅವರು ಕಾಲಕ್ರಮದಲ್ಲಿ ಕೀಮ್ಯಾನ್ ಆದರು. ಈ ಹುದ್ದೆ ಏನೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ಹಳಿಯನ್ನು ದಿಮ್ಮಿಗಳ ಮೇಲೆ ಬಿಗಿಯಾಗಿ ಹಿಡಿದಿಡುವ ಕೀಲುಗಳು ಬಂಡಿಗಳ ಅದುರಿಗೆ ದಿನವೂ ಸಡಿಲಗೊಳ್ಳುತ್ತವೆ. ಕೀಮ್ಯಾನ್ ಆದವನು ಬೆಳಗಿನ ಜಾವ ಸುತ್ತಿಗೆ, ಸ್ಪಾನರು, ಕೆಂಪು ಹಸಿರು ಬಾವುಟಗಳನ್ನು ಹಿಡಿದು ತನಗೆ ಗೊತ್ತುಪಡಿಸಿದ ದೂರವನ್ನು ಕಾಲ್ನಡಿಗೆಯಲ್ಲಿ ಸಾಗಬೇಕು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಸಡಿಲವಾದ ಕೀಲನ್ನು ಬಡಿದು ಕೂರಿಸಬೇಕು, ಕಳಚಿದ ಬೋಲ್ಟನ್ನು ಬಿಗಿಯಬೇಕು. ಹಳಿ ಬಿರುಕು ಬಿಟ್ಟಿದ್ದರೆ ಬಾವುಟ ಹಿಡಿದು ಓಡಿ, ಹಳಿಯ ಮೇಲೆ ಸಿಡಿಯುವ ಪಟಾಕಿಗಳನ್ನಿಟ್ಟು ಬಂಡಿಯನ್ನು ತಡೆಯಬೇಕು. ಮಳೆಗಾಲದ ರಾತ್ರಿಗಳಲ್ಲಿ ಲಾಟೀನು ಹಿಡಿದು ಗಸ್ತು ತಿರುಗುವವರದು ಇನ್ನೂ ಕಠಿಣವಾದ ಕೆಲಸ. ಕೆಲಸ ಚೆನ್ನಾಗಿ ನಡೆದರೆ ಅದರ ಗುರುತೇ ಉಳಿಯದು. ಸುಖವಾಗಿ ಮೈಸೂರು ತಲುಪಿದ ಪ್ರಯಾಣಿಕನಿಗೆ ನಾಯಂಡಹಳ್ಳಿ, ಕೆಂಗೇರಿಗಳ ನಡುವೆ ಒಬ್ಬ ಮನುಷ್ಯ ಆ ಬೆಳಿಗ್ಗೆ ಬಾಗಿ ಒಂದು ಕೀಲನ್ನು ಬಡಿದನೆಂದು ಹೇಗೆ ತಿಳಿಯಬೇಕು?

ಭಾನುವಾರವೂ ಬಂಡಿಗಳು ಓಡುತ್ತಿದ್ದುದರಿಂದ ತಾತನವರಿಗೆ ಎಷ್ಟೋ ಬಾರಿ ಬಲಿಪೂಜೆ ತಪ್ಪುತ್ತಿತ್ತು. ಅಂಥ ದಿನಗಳಲ್ಲಿ ಹಳಿಯ ಪಕ್ಕದಲ್ಲಿ ನಡೆಯುತ್ತಲೇ ಜಪಮಾಲೆ ಮಾಡುತ್ತಿದ್ದರು. ಅವರು ಹೆಚ್ಚು ಓದಿದವರಲ್ಲ. ಲ್ಯಾಟಿನ್ ಪೂಜೆಯ ಕಾಲದಲ್ಲಿ ಅರ್ಥವಾಗದಿದ್ದರೂ ತಪ್ಪದೆ ಬಂದರು; ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ಕನ್ನಡದಲ್ಲಿ ನಡೆಯತೊಡಗಿದಾಗ, ದೇವರು ಈಗ ನಮ್ಮ ಮನೆಯ ಮಾತನಾಡುತ್ತಿದ್ದಾರೆ ಎಂದು ಅಜ್ಜಿಯ ಮುಂದೆ ಹೇಳಿ ಕಣ್ಣೊರೆಸಿಕೊಂಡರಂತೆ.

ಇಷ್ಟನ್ನೇ ಹೇಳಿ ಮುಗಿಸಿದರೆ ಅವರ ಬದುಕಿಗೆ ನ್ಯಾಯ ಸಲ್ಲದು. 1974ರ ಮೇ 8ರಂದು ದೇಶದಾದ್ಯಂತ ರೈಲ್ವೆ ಕಾರ್ಮಿಕರ ಮುಷ್ಕರ ಆರಂಭವಾಯಿತು. ಸುಮಾರು 17 ಲಕ್ಷ ಕಾರ್ಮಿಕರು ಪಾಲ್ಗೊಂಡರೆಂದು ಹೇಳುವ ಆ ಮುಷ್ಕರದ ನಾಯಕರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಗುರುವಾಗಬೇಕೆಂದು 1946ರಲ್ಲಿ ನಮ್ಮ ಬೆಂಗಳೂರಿನ ಸಂತ ಪೇತ್ರರ ಗುರುಮಠವನ್ನು ಸೇರಿ, ಕೆಲವು ವರ್ಷಗಳಲ್ಲಿ ಅದನ್ನು ತೊರೆದು ಕಾರ್ಮಿಕರ ನಡುವೆ ಹೋದವರು ಅವರು. ಮುಷ್ಕರ ಇಪ್ಪತ್ತು ದಿನ ನಡೆಯಿತು. ಸಾವಿರಾರು ಜನ ಸೆರೆಯಾದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಮೇ 27ರಂದು ಬೇಡಿಕೆಗಳು ಈಡೇರದೆಯೇ ಮುಷ್ಕರ ಮುಗಿಯಿತು. ಕೆಲಸ ಕಳೆದುಕೊಂಡವರು ಮರಳಿ ಸೇರಲು 1977ರಲ್ಲಿ ಕೇಂದ್ರದ ಸರ್ಕಾರವೇ ಬದಲಾಗಬೇಕಾಯಿತು.

ತಾತನವರು ಮುಷ್ಕರಕ್ಕೆ ಇಳಿದರು. ಅವರೊಡನೆ ಒಂದೇ ಗ್ಯಾಂಗಿನಲ್ಲಿ ದುಡಿದು, ಒಂದೇ ಬುತ್ತಿಯಲ್ಲಿ ಉಂಡ ಗೆಳೆಯರೊಬ್ಬರು ಮಗಳ ಮದುವೆ ಗೊತ್ತಾಗಿದ್ದ ಕಾರಣ ಕೆಲಸಕ್ಕೆ ಹೋದರು. ಇಬ್ಬರೂ ಇದೇ ಧರ್ಮಕೇಂದ್ರದವರು. ಮುಷ್ಕರ ಮುಗಿದರೂ ಮಾತು ಹತ್ತಲಿಲ್ಲ. ಒಬ್ಬರು ಬಲಗಡೆಯ ಸಾಲಿನಲ್ಲಿ ಕುಳಿತರೆ ಇನ್ನೊಬ್ಬರು ಎಡಗಡೆಯ ಸಾಲಿನಲ್ಲಿ. ಆ ಮದುವೆಗೂ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ತಿಂಗಳುಗಳು ಕಳೆದವು. ಒಂದು ಭಾನುವಾರ ಗುರುಗಳು ಪರಸ್ಪರ ಶಾಂತಿ ಕೋರುವಂತೆ ಹೇಳಿದಾಗ ತಾತನವರು ತಮ್ಮ ಸಾಲನ್ನು ಬಿಟ್ಟೆದ್ದು, ನಡುವಿನ ದಾರಿಯನ್ನು ದಾಟಿ, ಆ ಗೆಳೆಯರ ಮುಂದೆ ಕೈಮುಗಿದು ನಿಂತರು. ಗೆಳೆಯರು ಆ ಮುಗಿದ ಕೈಗಳನ್ನು ಹಿಡಿದುಕೊಂಡರು. ಹೋದವರು ಸರಿಯೋ, ಹೋಗದವರು ಸರಿಯೋ ಎಂಬ ಚರ್ಚೆ ಅವರಿಬ್ಬರ ನಡುವೆ ಮತ್ತೆಂದೂ ಬರಲಿಲ್ಲ. ಏಕೆ ಹೋದಿರಿ ಎಂದು ಮನೆಯವರು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಷ್ಟೇ: “ಕೀಲು ಸಡಿಲವಾದದ್ದು ಕಣ್ಣಿಗೆ ಬಿದ್ದ ಮೇಲೆ ಯಾರು ಸಡಿಲಿಸಿದರು ಅಂತ ಕೇಳುತ್ತ ಕೂರುವುದಲ್ಲ. ಕಂಡವನು ಬಡಿಯಬೇಕು.”

ನಿವೃತ್ತಿಯ ಮೇಲೂ ಅವರು ಸಂಜೆಯ ಹೊತ್ತು ಹಳಿಯ ಬಳಿಗೆ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಬಂಡಿಯ ಸದ್ದು ಕೇಳಿ, ಯಾವ ಜಾಗದಲ್ಲಿ ಜಲ್ಲಿ ತಗ್ಗಿದೆಯೆಂದು ಹೇಳಬಲ್ಲವರಾಗಿದ್ದರು. ಅವರ ಕಣ್ಣೆದುರಿನಲ್ಲಿಯೇ ಸುತ್ತಲಿನ ಬಯಲು ಬದಲಾಯಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯ 1973ರಲ್ಲಿ ಇಲ್ಲಿಗೆ ಬಂದು, ಈ ಸೀಮೆಗೆ ಜ್ಞಾನಭಾರತಿ ಎಂಬ ಹೆಸರು ನಿಂತಿತು. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದನ್ನೂ ನೋಡಿ ಅವರು ಕಣ್ಮುಚ್ಚಿದರು. 2021ರಲ್ಲಿ ಮೈಸೂರು ರಸ್ತೆಯ ಮೇಲೆ ಕೆಂಗೇರಿಯವರೆಗೆ ಬಂದ ಮೆಟ್ರೊವನ್ನು ಅವರು ಕಾಣಲಿಲ್ಲ. ಕಂಡಿದ್ದರೆ, ಇದರ ಹಳಿಯನ್ನು ನಡೆದು ನೋಡುವವರು ಯಾರು ಎಂದು ಖಂಡಿತ ಕೇಳುತ್ತಿದ್ದರು.

ವಾಚಕರಲ್ಲಿ ನಮ್ಮದೊಂದು ವಿನಂತಿ. ಈ ಧರ್ಮಕೇಂದ್ರದ ಮನೆಮನೆಯಲ್ಲಿಯೂ ಇಂಥ ತಾತಂದಿರು, ಅಜ್ಜಿಯರು ಇದ್ದರು. ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಗಾರೆ ಕೆಲಸದವರು, ಗಿರಣಿಯಲ್ಲಿ ದುಡಿದವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರು, ತರಕಾರಿ ಮಾರಿ ಮಕ್ಕಳನ್ನು ಓದಿಸಿದವರು. ಅವರ ಬಳಿ ಕುಳಿತು ಕೇಳಿ, ಕೇಳಿದ್ದನ್ನು ಬರೆದಿಡಿ. ಅವರು ಏನು ಕೆಲಸ ಮಾಡಿದರು, ಯಾರೊಡನೆ ಮುನಿದರು, ಹೇಗೆ ಒಂದಾದರು ಎಂಬುದೂ ಈ ದೇವಾಲಯದ ಚರಿತ್ರೆಯೇ. ಮುಂದಿನ ನೂರು ವರ್ಷಗಳ ಸಂಚಿಕೆಯನ್ನು ಸಿದ್ಧಪಡಿಸುವವರಿಗೆ ನಾವು ಬಿಟ್ಟುಹೋಗಬಹುದಾದ ಆಸ್ತಿ ಅದು. ಕಾರ್ಮಿಕರ ಪಾಲಕರಾದ ಸಂತ ಜೋಸೆಫರು ದುಡಿದು ದಣಿದ ಈ ಎಲ್ಲ ಆತ್ಮಗಳಿಗಾಗಿ ಪ್ರಾರ್ಥಿಸಲಿ. ಪ್ರಭು ಅವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.