ಫೀಸು ನಮ್ಮದು, ಗಿರಾಕಿ ಬೇರೆಯವರು

ನನ್ನ ಹೆಸರಿನ ಹಿಂದೆ ಸರ್‌ನೇಮ್ ಅಂತ ಒಂದಿಲ್ಲ. ಮುಂದೆ ಎರಡು ಇನಿಷಿಯಲ್ ಇವೆ, ಒಂದು ಊರಿಂದು, ಇನ್ನೊಂದು ಅಪ್ಪಂದು. ಹಳೇ ಮೈಸೂರಿನ ಕಡೆ ನಮ್ಮಂಥವರು ಬೀದಿಗೆ ಹತ್ತು ಜನ ಸಿಗ್ತಾರೆ. ಇದರಿಂದ ಇಷ್ಟು ವರ್ಷ ಏನೂ ತೊಂದರೆ ಆಗಿರಲಿಲ್ಲ, ಒಂದು ಕ್ಲೌಡ್ ಸರ್ಟಿಫಿಕೇಶನ್ ಪರೀಕ್ಷೆಗೆ ಕೈ ಹಾಕುವ ತನಕ. ಫಾರ್ಮಿನಲ್ಲಿ ‘ಲಾಸ್ಟ್ ನೇಮ್’ ಖಾಲಿ ಬಿಟ್ಟರೆ ಮುಂದಕ್ಕೇ ಹೋಗಲಿಲ್ಲ. ಅಪ್ಪನ ಇನಿಷಿಯಲ್ ಹಾಕಿದೆ. ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿತ್ತು. ಶನಿವಾರ ಬೆಳಗ್ಗೆ ಸೆಂಟರಿಗೆ ಹೋದರೆ ಕೌಂಟರಿನ ಹುಡುಗ ಎರಡನ್ನೂ ನೋಡಿ, “ಮ್ಯಾಚ್ ಆಗ್ತಿಲ್ಲ ಸಾರ್, ಒಳಗೆ ಬಿಡೋಕಾಗಲ್ಲ” ಅಂದ. ಪಾಪ, ಅವನ ಮುಖ ನನಗಿಂತ ಸಪ್ಪಗಿತ್ತು. ದಾಖಲೆಯಲ್ಲಿ ನಾನು ಗೈರುಹಾಜರು. ಪಾಸಾಗಿದ್ದರೆ ಹೊಸ ಪ್ರಾಜೆಕ್ಟು, ಇಲ್ಲದಿದ್ದರೆ ಬೆಂಚು ಅನ್ನೋ ಪರಿಸ್ಥಿತಿ ನನ್ನದು.

ಆಮೇಲೆ ಶುರುವಾಯ್ತು ಪ್ರದಕ್ಷಿಣೆ. ಹೆಸರು ತಿದ್ದೋದು ಸಾಫ್ಟ್‌ವೇರ್ ಕಂಪನಿಯವರ ಕೆಲಸ ಅಂದರು ಪರೀಕ್ಷೆ ನಡೆಸುವವರು. ಪರೀಕ್ಷೆ ದಿನದ ದೂರು ನಡೆಸಿದವರಿಗೇ ಹೇಳಿ ಅಂದರು ಸಾಫ್ಟ್‌ವೇರ್ ಕಂಪನಿಯವರು. ಸೆಂಟರಿನವರು “ನಾವು ಬರೀ ಜಾಗ ಕೊಡ್ತೀವಿ ಸಾರ್” ಅಂತ ಕೈ ತೊಳೆದುಕೊಂಡರು. ನಾಲ್ಕು ಟಿಕೆಟ್ ಹಾಕಿದೆ. ಬಂದ ಉತ್ತರಗಳೆಲ್ಲ ‘ಡಿಯರ್ ಮಿಸ್ಟರ್’ ಅಂತ ಅಪ್ಪನ ಇನಿಷಿಯಲ್ಲಿಗೇ ನಮಸ್ಕಾರ ಹೇಳಿ ಶುರುವಾಗುತ್ತಿದ್ದವು.

ಈ ಮೂರು ಕೌಂಟರುಗಳನ್ನ ಕಟ್ಟಿದ್ದು ಯಾರು ಅಂತ ಹುಡುಕುತ್ತಾ ಹೋದರೆ ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಹೋಗಿ ಮುಟ್ಟುತ್ತೇವೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರ ಸುಮಾರಿಗೆ ಹುಟ್ಟಿದ ಪ್ಲೇಟೋ ಅನ್ನೋ ಕಂಪ್ಯೂಟರ್ ಪಾಠದ ವ್ಯವಸ್ಥೆಯನ್ನ ಅಲ್ಲಿನ ಕಂಟ್ರೋಲ್ ಡೇಟಾ ಕಂಪನಿ ಮಾರುಕಟ್ಟೆಗೆ ತಂತು. ಪಾಠ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೆ ಅದೇ ಟರ್ಮಿನಲ್ಲುಗಳ ಮುಂದೆ ಕೂರಿಸಿ ಷೇರು ದಲ್ಲಾಳಿಗಳ ಲೈಸೆನ್ಸ್ ಪರೀಕ್ಷೆ ನಡೆಸಬಹುದು ಅಂತ ಗೊತ್ತಾಯ್ತು. ಆ ಬೇರಿನಿಂದಲೇ 1990ರಲ್ಲಿ ಡ್ರೇಕ್ ಪ್ರೊಮೆಟ್ರಿಕ್ ಚಿಗುರಿತು. 1994ರಲ್ಲಿ ಅದೇ ರಾಜ್ಯದಲ್ಲಿ ವ್ಯೂ ಅನ್ನೋ ಪ್ರತಿಸ್ಪರ್ಧಿ ಹುಟ್ಟಿತು. ಮುಂದೆ ಪಿಯರ್ಸನ್ ವ್ಯೂ ಆಗಿದ್ದು ಅದೇ.

ಇನ್ನು ಸಾಫ್ಟ್‌ವೇರ್ ಸರ್ಟಿಫಿಕೇಟಿನ ಕಥೆ. 80ರ ದಶಕದ ಕೊನೆಗೆ ನೊವೆಲ್ ಕಂಪನಿಯ ನೆಟ್‌ವೇರ್ ಎಲ್ಲ ಆಫೀಸುಗಳಿಗೂ ಹೊಕ್ಕಿತ್ತು. ಮಾರುತ್ತಿದ್ದವರು ಡೀಲರುಗಳು, ಕೆಟ್ಟಾಗ ಫೋನು ಬರುತ್ತಿದ್ದದ್ದು ನೊವೆಲ್‌ಗೆ. ಡೀಲರಿನ ಕಡೆಯವರೇ ಕಲಿತು ಪರೀಕ್ಷೆ ಬರೆದು ಸಿಎನ್‌ಇ ಆದರೆ ಮೊದಲ ಫೋನು ಅವರಿಗೇ ಹೋಗುತ್ತೆ, ಕಂಪನಿಯ ಹೊರೆ ಇಳಿಯುತ್ತೆ. ಗಮನಿಸಿ, ಗಿರಾಕಿಗಳ ಫೋನ್ ಕಾಟ ತಪ್ಪಿಸಿಕೊಳ್ಳೋಕೆ ಹುಟ್ಟಿದ ಸರ್ಟಿಫಿಕೇಟು ಇದು! 1992ರಲ್ಲಿ ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡಿಯಿತು. ಊರೂರಿಗೂ ಪರೀಕ್ಷಾ ಕೊಠಡಿ ಕಟ್ಟೋಕೆ ಈ ಕಂಪನಿಗಳಿಗೆ ಮನಸ್ಸಿರಲಿಲ್ಲ. ಪ್ರೊಮೆಟ್ರಿಕ್ಕಿಗೂ ಎಲ್ಲ ಕಡೆ ಸ್ವಂತ ಕೊಠಡಿ ಬೇಕಿರಲಿಲ್ಲ, ಗಲ್ಲಿಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟುಗಳೇ ಸಾಕಿತ್ತು. ಪ್ರಶ್ನೆಪತ್ರಿಕೆ ಒಬ್ಬರದು, ನಡೆಸುವವರು ಇನ್ನೊಬ್ಬರು, ಕುರ್ಚಿ ಮೂರನೆಯವರದು. ಬೆಂಗಳೂರಿನ ಹುಡುಗರು ಎಂಸಿಎಸ್‌ಇ ಬರೆಯೋಕೆ ಸಾಲು ನಿಂತ ಹೊತ್ತಿಗೆ ಈ ಏರ್ಪಾಡು ಗಟ್ಟಿಯಾಗಿತ್ತು.

ಇದರಲ್ಲಿ ಗಿರಾಕಿ ಯಾರು? ದುಡ್ಡು ಕೊಡೋದು ನಾವು, ಸರಿ. ಆದರೆ ಪರೀಕ್ಷೆ ನಡೆಸುವ ಕಂಪನಿಯ ಜೊತೆ ಒಪ್ಪಂದ ಇರೋದು ಸಾಫ್ಟ್‌ವೇರ್ ಕಂಪನಿಗೆ. 2007ರಲ್ಲಿ ಸಿಸ್ಕೊ ತನ್ನ ಪರೀಕ್ಷೆಗಳನ್ನ ಪಿಯರ್ಸನ್ ವ್ಯೂ ಒಂದಕ್ಕೇ ವಹಿಸಿತು. 2014ರಲ್ಲಿ ಮೈಕ್ರೋಸಾಫ್ಟ್ ಕೂಡ ಪ್ರೊಮೆಟ್ರಿಕ್ ಬಿಟ್ಟು ಅಲ್ಲಿಗೇ ಹೋಯಿತು. ಅವರು ಮುನಿಸಿಕೊಂಡರೆ ನಷ್ಟ ಉಂಟು. ನಾನು ಮುನಿಸಿಕೊಂಡು ಎಲ್ಲಿಗೆ ಹೋಗಲಿ? ಆ ಸರ್ಟಿಫಿಕೇಟು ಬೇಕಾದರೆ ಇರೋದೇ ಒಂದು ಬಾಗಿಲು. ಮಾಲೀಕರಂತೂ ಬದಲಾಗುತ್ತಲೇ ಇದ್ದರು: ಪ್ರೊಮೆಟ್ರಿಕ್ಕನ್ನ ಸಿಲ್ವನ್ ಕೊಂಡಿತು, 2000ದಲ್ಲಿ ಥಾಮ್ಸನ್, 2007ರಲ್ಲಿ ಟೋಫೆಲ್ ನಡೆಸುವ ಇಟಿಎಸ್, 2018ರಲ್ಲಿ ಒಂದು ಹೂಡಿಕೆ ಸಂಸ್ಥೆ.

ಗಿರಾಕಿ ಅಲ್ಲದಿದ್ದರೂ ಪರವಾಗಿಲ್ಲ, ನಾವು ಕಳ್ಳರೂ ಆದೆವು. ಪ್ರಶ್ನೆಗಳನ್ನ ನೆನಪಿಟ್ಟುಕೊಂಡು ಬಂದು ಮಾರುವ ‘ಡಂಪ್’ ವ್ಯಾಪಾರ 90ರ ದಶಕದ ಕೊನೆಗೆ ಜೋರಾಗಿತ್ತು. ಉತ್ತರ ಬಾಯಿಪಾಠ ಮಾಡಿ ಪಾಸಾದವರಿಗೆ ‘ಪೇಪರ್ ಎಂಸಿಎಸ್‌ಇ’ ಅನ್ನೋ ಅಡ್ಡಹೆಸರು ಬಿತ್ತು. ಮೈಕ್ರೋಸಾಫ್ಟ್ ಪ್ರಶ್ನೆಗಳನ್ನ ಮಾರಿದ್ದಕ್ಕೆ ಅಮೆರಿಕದಲ್ಲಿ ಒಬ್ಬ ಜೈಲಿಗೂ ಹೋದ, ಅವನು ಕೊಂಡಿದ್ದ ಫೆರಾರಿ ಕಾರು ಸರ್ಕಾರದ ಪಾಲಾಯ್ತು. ಇನ್ನೊಬ್ಬರ ಹೆಸರಲ್ಲಿ ಕೂತು ಬರೆಯುವವರೂ ಇದ್ದರು. ಇದೆಲ್ಲ ಸುಳ್ಳಲ್ಲ, ನಮ್ಮವರೂ ಅದರಲ್ಲಿ ಹಿಂದೆ ಬಿದ್ದಿಲ್ಲ. ಗುರುತಿನ ಚೀಟಿ ಅಕ್ಷರಕ್ಕೆ ಅಕ್ಷರ ಹೊಂದಬೇಕು ಅನ್ನೋ ಬಿಗಿ ಬಂದಿದ್ದು ಇಂಥವರನ್ನ ಹಿಡಿಯೋಕೆ. ಆದರೆ ಕಳ್ಳನನ್ನ ಹಿಡಿಯೋಕೆ ಬರೆದ ನಿಯಮದಲ್ಲಿ ಇನಿಷಿಯಲ್ಲಿನವನಿಗೆ ಜಾಗ ಇರಲಿಲ್ಲ. ಕೌಂಟರಿನ ಹುಡುಗನಿಗೆ ವಿವೇಚನೆ ಬಳಸೋ ಅಧಿಕಾರ ಯಾರೂ ಕೊಟ್ಟಿರಲಿಲ್ಲ.

ಒಂದೇ ಸಲ ಈ ಗೋಡೆ ಅಲುಗಿದ್ದನ್ನ ನಾವು ನೋಡಿದ್ದೇವೆ. ಐಐಎಂಗಳ ಕ್ಯಾಟ್ ಪರೀಕ್ಷೆ 2009ರ ನವೆಂಬರ್ 28ರಂದು ಮೊದಲ ಸಲ ಕಂಪ್ಯೂಟರಿಗೆ ಬಂತು, ನಡೆಸಿದ್ದು ಪ್ರೊಮೆಟ್ರಿಕ್. ಮೊದಲ ದಿನವೇ ಹಲವು ಲ್ಯಾಬುಗಳು ಕೈಕೊಟ್ಟವು. ವೈರಸ್ ಕಾರಣ ಅಂದಿತು ಕಂಪನಿ. ಆದರೆ ಅವತ್ತು ಹೊರಗೆ ನಿಂತವರು ಸಾವಿರಾರು ಮಂದಿ, ಒಂದೇ ದಿನ, ಟಿವಿ ಕ್ಯಾಮೆರಾ ಮುಂದೆ. ಕೇಂದ್ರ ಸರ್ಕಾರ ವರದಿ ಕೇಳಿತು. 2010ರ ಜನವರಿ ಕೊನೆಯಲ್ಲಿ ಮರುಪರೀಕ್ಷೆ ಆಯ್ತು. ಸರ್ಟಿಫಿಕೇಶನ್ ಬರೆಯೋರು ಹಾಗಲ್ಲ. ಒಬ್ಬೊಬ್ಬರೇ, ಬೇರೆ ಬೇರೆ ಶನಿವಾರ, ಬೇರೆ ಬೇರೆ ಟಿಕೆಟ್ ನಂಬರು.

26ನೇ ದಿನ ನನ್ನ ಮೇಲ್‌ಗೆ ಉತ್ತರ ಬಂತು. ಫೀಸು ವಾಪಸ್ ಇಲ್ಲ, ಬದಲಿಗೆ ಒಂದು ವೌಚರ್. ಹೆಸರೂ ಸರಿಯಾಗಿತ್ತು. ವಾಯಿದೆ ಮುಗಿಯೋಕೆ ನಾಲ್ಕೇ ದಿನ. ಅಷ್ಟರೊಳಗೆ ಸೀಟು ಖಾಲಿ ಇದ್ದದ್ದು ಹುಬ್ಬಳ್ಳಿಯಲ್ಲಿ ಮಾತ್ರ. ಪ್ರಾಜೆಕ್ಟಿಗೆ ಬೇರೆಯವರನ್ನ ತಗೊಂಡಾಗಿತ್ತು. ಆದರೂ ಪಾಸ್‌ಪೋರ್ಟು ಚೀಲಕ್ಕೆ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿದೆ.