ಕಾರ್ಲ್‌ಟನ್ ಚಾಪ್‌ಮನ್: ಬೆಂಗಳೂರಿನ ಹುಡುಗ, ಬೇರೆ ಊರಿನ ಕ್ಲಬ್ಬುಗಳು

ಮಂಜಲ್‌ಪುರದಲ್ಲಿ ನಮ್ಮ ಮನೆ ಹತ್ತಿರ ಒಂದು ಮೈದಾನ ಇದೆ. ಭಾನುವಾರ ಬೆಳಿಗ್ಗೆ ನಾವು ಆಫೀಸಿನವರು ಸೇರಿ ಅಲ್ಲಿ ಫುಟ್‌ಬಾಲ್ ಆಡ್ತೀವಿ. ಒಂದು ದಿನ ಆಟ ಮುಗಿಸಿ ಚಹಾ ಕುಡಿಯೋವಾಗ ವಡೋದರಾದ ಗೆಳೆಯನೊಬ್ಬ ಕೇಳಿದ: "ನಿಮ್ಮ ಬೆಂಗಳೂರಿನ ದೊಡ್ಡ ಆಟಗಾರ ಅಂದ್ರೆ ಸುನಿಲ್ ಛೇತ್ರಿ ತಾನೆ?" ಛೇತ್ರಿ ಆಡೋದು ಬೆಂಗಳೂರಿಗೆ, ಹುಟ್ಟಿದ್ದು ಸಿಕಂದರಾಬಾದಿನಲ್ಲಿ ಅಂದೆ. "ಹಾಗಾದ್ರೆ ಯಾರು?" ಕಾರ್ಲ್‌ಟನ್ ಚಾಪ್‌ಮನ್ ಅಂದೆ. ಅವನಿಗೆ ಗೊತ್ತಿರಲಿಲ್ಲ. ಅದು ಬಿಡಿ, ಬೆಂಗಳೂರಿನ ನನ್ನ ಕಾಲೇಜು ಗೆಳೆಯರನ್ನ ಕೇಳಿದಾಗಲೂ ಗೊತ್ತಿದ್ದವರು ಇಬ್ಬರೇ. ಅದಕ್ಕೇ ಇವತ್ತಿನ ಮಾತು ಚಾಪ್‌ಮನ್ ಬಗ್ಗೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರು ಫುಟ್‌ಬಾಲ್ ಇಲ್ಲದ ಊರೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮೂರಿನವರು. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನ ನಾಲ್ಕು ಸಲ ಗೆದ್ದಿತ್ತು. ಆದರೆ ಇಲ್ಲಿ ಆಟ ನಡೀತಿದ್ದದ್ದು ಹೆಚ್ಚಾಗಿ ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆ ತಂಡಗಳಲ್ಲಿ. ಆಟಗಾರನಿಗೆ ಅಲ್ಲಿ ಕಾಯಂ ನೌಕರಿ ಸಿಗ್ತಿತ್ತು. ದೊಡ್ಡ ಹೆಸರು, ತುಂಬಿದ ಸ್ಟೇಡಿಯಂ ಬೇಕು ಅಂದ್ರೆ ಕಲ್ಕತ್ತಾ ರೈಲು ಹತ್ತಬೇಕು. ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲೇ ಈಸ್ಟ್ ಬೆಂಗಾಲ್ ಸೇರಿದ್ರು.

ಚಾಪ್‌ಮನ್ ಹಿಡಿದದ್ದೂ ಅದೇ ದಾರಿ. ಹುಟ್ಟಿದ್ದು 1971ರ ಏಪ್ರಿಲ್ 13, ಬೆಂಗಳೂರಿನಲ್ಲಿ. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದ್ರು. ಅಲ್ಲಿಂದ 1993ರಲ್ಲಿ ಈಸ್ಟ್ ಬೆಂಗಾಲ್. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡ ಎದುರಾಯ್ತು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್ ಅವರದ್ದು.

ಇವತ್ತಿಗೂ ಅವರ ಬಗ್ಗೆ ಬರೆದವರೆಲ್ಲ ಮೊದಲು ಹೇಳೋದು ಈ ಹ್ಯಾಟ್ರಿಕ್ಕನ್ನೇ. ನನಗೆ ತೊಡಕು ಅನಿಸೋದು ಇಲ್ಲೇ. ಚಾಪ್‌ಮನ್ ಮಿಡ್‌ಫೀಲ್ಡರ್. ಗೋಲು ಹೊಡೆಯೋದು ಅವರ ದಿನದ ಕೆಲಸ ಅಲ್ಲ. ಎದುರಾಳಿಯಿಂದ ಚೆಂಡು ಕಸಿದು, ಒಂದು ಕ್ಷಣ ಇಟ್ಟುಕೊಂಡು, ಸರಿಯಾದವನ ಕಾಲಿಗೆ ಕೊಡೋದು ಕೆಲಸ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹಾಗೇ ಅಲ್ವಾ? ಸರ್ವರ್ ಬಿದ್ದರೆ ಇಡೀ ಆಫೀಸಿಗೆ ಗೊತ್ತಾಗುತ್ತೆ. ಬೀಳದ ಹಾಗೆ ನೋಡಿಕೊಂಡವನ ಹೆಸರು ಯಾರಿಗೂ ಗೊತ್ತಾಗಲ್ಲ.

1995ರಲ್ಲಿ ಅವರು ಪಂಜಾಬಿನ ಫಗ್ವಾರಾಕ್ಕೆ ಹೋದ್ರು, ಜೆಸಿಟಿ ಬಟ್ಟೆ ಗಿರಣಿಯ ತಂಡಕ್ಕೆ. ಮುಂದೆ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ, ಅವರ ಹಿಂದೆ ಚಾಪ್‌ಮನ್. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆದಾಗ ಗೆದ್ದದ್ದು ಈ ಜೆಸಿಟಿ. ಅತಿ ಹೆಚ್ಚು ಗೋಲು ಭುಟಿಯಾ ಅವರದ್ದು, ಅದು ದಾಖಲೆಯಲ್ಲಿದೆ. ಆ ಗೋಲುಗಳಿಗೆ ಚೆಂಡು ಎಲ್ಲಿಂದ ಬಂತು ಅಂತ ಆಗ ಲೆಕ್ಕ ಇಡೋರೇ ಕಡಿಮೆ.

ಆಮೇಲೆ ಒಂದು ಸೀಸನ್ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಭಾರತ ತಂಡದ ನಾಯಕರೂ ಆಗಿದ್ರು. 2001ರಲ್ಲಿ ವೃತ್ತಿಪರ ಆಟ ಬಿಟ್ಟರು. ತಿರುಗಾಟ ಮಾತ್ರ ನಿಲ್ಲಲಿಲ್ಲ. ಕೋಚ್ ಆಗಿ ಟಾಟಾ ಅಕಾಡೆಮಿಗೆ ವಾಪಸ್, ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೊನೆಗೆ ಕಲ್ಲಿಕೋಟೆಯ ಕ್ವಾರ್ಟ್ಜ್ ಎಫ್‌ಸಿ.

ಈಗ ಆ ಕ್ಲಬ್ಬುಗಳ ಗತಿ ನೋಡಿ. ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಜೆಸಿಟಿ ತಂಡವನ್ನ 2011ರಲ್ಲಿ ವಿಸರ್ಜಿಸಿದ್ರು. ರಾಯಲ್ ವಾಹಿಂಗ್‌ಡೋ 2014-15ರಲ್ಲಿ ಐ-ಲೀಗ್‌ನಲ್ಲಿ ಮೂರನೇ ಸ್ಥಾನ ಪಡೆದು ಹೊರನಡೆಯಿತು. ಕ್ಲಬ್ ಇದ್ದರೆ ಹಳೇ ಫೋಟೋ ಗೋಡೆ ಮೇಲಿರುತ್ತೆ, ಹೊಸ ಹುಡುಗ "ಇವರು ಯಾರು?" ಅಂತ ಕೇಳ್ತಾನೆ. ಕ್ಲಬ್ಬೇ ಇಲ್ಲದಿದ್ದರೆ ಕೇಳೋರು ಯಾರು? ಈಸ್ಟ್ ಬೆಂಗಾಲ್ ಉಳಿದಿದೆ, ಅದಕ್ಕೇ ಕಲ್ಕತ್ತಾದಲ್ಲಿ ಅವರ ಹೆಸರು ಇನ್ನೂ ಇದೆ. ಬೆಂಗಳೂರಿನಲ್ಲಿ ಅವರದ್ದು ಅನ್ನೋ ಕ್ಲಬ್ ಇರಲಿಲ್ಲ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಗ ಚಾಪ್‌ಮನ್‌ಗೆ 42 ವರ್ಷ.

2020ರ ಅಕ್ಟೋಬರ್ 12ರಂದು ಅವರು ಬೆಂಗಳೂರಿನಲ್ಲೇ ತೀರಿಕೊಂಡ್ರು. 49 ವರ್ಷ ವಯಸ್ಸು. ಕೋವಿಡ್ ಕಾಲ. ನಾನು ಮೊಬೈಲಲ್ಲಿ ಸುದ್ದಿ ನೋಡಿ, ಎರಡು ನಿಮಿಷ ಬೇಜಾರಾಗಿ, ಮೀಟಿಂಗಿಗೆ ಹೋದೆ. ಈಗ ಅದು ಚುಚ್ಚುತ್ತೆ.

ದೇಶದವರೆಲ್ಲ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರೋ ಕಾಲದಲ್ಲಿ ನಾನು ಬೆಂಗಳೂರು ಬಿಟ್ಟು ಇಲ್ಲಿಗೆ ಬಂದವನು. ನನ್ನ ಕೆಲಸ ಏನಂತ ನಮ್ಮಪ್ಪನಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಹಾಗಾಗಿ ಊರು ಬಿಟ್ಟು ದುಡಿದವರ ಕೆಲಸ ಊರಿಗೆ ಕಾಣಲ್ಲ ಅನ್ನೋದು ನನಗೆ ಅರ್ಥ ಆಗುತ್ತೆ. ಆದರೆ ಇಷ್ಟು ದೊಡ್ಡ ಆಟಗಾರ ಮೂರೇ ಗೋಲಿನಲ್ಲಿ ಉಳಿದು ಹೋಗಬಾರದು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅವರ ಆಟ ಮೈದಾನದಲ್ಲೇ ನೋಡಿದ ಹಿರಿಯರಿದ್ದರೆ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗೋಲಿನ ಬಗ್ಗೆ ಬೇಡ, ಆ ಪಾಸ್‌ಗಳ ಬಗ್ಗೆ ಕೇಳಿ.

ಮುಂದಿನ ವಿಡಿಯೋದಲ್ಲಿ ಸಿಗೋಣ.