ಮುರಿದ ಮೂಳೆಯ ಹಣೆಬರಹ ಚರ್ಮದ ಮೇಲೆ

ಮೂಳೆ ಮುರಿದಿದೆ ಎಂದೊಡನೆ ಎಲ್ಲರ ಕಣ್ಣು ಎಕ್ಸ್‌ರೇ ಕಡೆಗೆ ಹೋಗುತ್ತದೆ. ಎಷ್ಟು ತುಂಡಾಗಿದೆ, ರಾಡ್ ಹಾಕುತ್ತಾರೋ ಪ್ಲೇಟ್ ಹಾಕುತ್ತಾರೋ ಎಂಬುದೇ ಮನೆಮಂದಿಯ ಮಾತು. ಚರ್ಮ ಸೀಳಿ, ಮೂಳೆಗೆ ಗಾಳಿ ಮಣ್ಣು ತಾಗಿದ ತೆರೆದ ಮುರಿತದಲ್ಲಿ ಮಾತ್ರ ಎಕ್ಸ್‌ರೇ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಈ ಗಾಯದ ಚಿಕಿತ್ಸೆ ದೊಡ್ಡ ಹೆಜ್ಜೆ ಇಟ್ಟಾಗಲೆಲ್ಲ ವೈದ್ಯರು ಗಮನಿಸಿದ್ದು ಮೂಳೆಗಿಂತ ಹೆಚ್ಚಾಗಿ ಅದರ ಮೇಲಿನ ಮಾಂಸ, ಚರ್ಮಗಳನ್ನು. ಇತಿಹಾಸ ಓದಿದರೆ ನನಗೆ ಕಾಣುವುದು ಇದೇ. ಸುಶ್ರುತ ಸಂಹಿತೆಗೂ ಈ ಕ್ರಮ ಗೊತ್ತಿತ್ತು. ಅದು ಕಾಂಡಭಗ್ನದಲ್ಲಿ, ಅಂದರೆ ಮೂಳೆ ಮುರಿಯುವುದರಲ್ಲಿ, 12 ಬಗೆ, ಸಂಧಿ ತಪ್ಪುವುದರಲ್ಲಿ 6 ಬಗೆ ಎಣಿಸುತ್ತದೆ. ಗಾಯವೂ ಕೂಡಿದ್ದರೆ ಮೊದಲು ತುಪ್ಪ, ಜೇನು, ಕಷಾಯಗಳಿಂದ ವ್ರಣವನ್ನು ನೋಡಿಕೊಂಡು ಆಮೇಲೆ ಮುರಿತದ ಉಪಚಾರ ಮಾಡು ಎನ್ನುತ್ತದೆ. ಯುರೋಪಿನಲ್ಲಿ ಮಾತ್ರ ಬಹುಕಾಲ ಇಂಥ ಗಾಯಕ್ಕೆ ಕಾಲು ಕತ್ತರಿಸುವುದೇ ಸಾಮಾನ್ಯ ಉತ್ತರವಾಗಿತ್ತು. 1756ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ಮೂಳೆ ಚರ್ಮ ಸೀಳಿತ್ತು. ಅಡ್ಡಾದಿಡ್ಡಿ ಎತ್ತಿದರೆ ಗಾಯ ಹೆಚ್ಚುತ್ತದೆಂದು ತಿಳಿದಿದ್ದ ಆತ ಬಿದ್ದಲ್ಲಿಂದ ಕದಲಲಿಲ್ಲ. ಒಂದು ಬಾಗಿಲನ್ನು ಕೊಂಡು ತರಿಸಿ ಅದರ ಮೇಲೆ ಹೊತ್ತೊಯ್ಯಿಸಿಕೊಂಡ. ಸಹವೈದ್ಯರು ಕಾಲು ಕತ್ತರಿಸಲು ಸಜ್ಜಾಗಿದ್ದಾಗ ಆತನ ಗುರು ಎಡ್ವರ್ಡ್ ನೋರ್ಸ್ ಬಂದು ತಡೆದ. ಒಬ್ಬ ವೈದ್ಯನ ಕಾಲು ಉಳಿದದ್ದು ಇಂದಿಗೂ ಕಥೆಯಾಗಿ ಉಳಿದಿದೆ ಎಂದರೆ ಉಳಿಯದ ಕಾಲುಗಳು ಎಷ್ಟಿರಬೇಕು!

ಜೋಸೆಫ್ ಲಿಸ್ಟರ್ 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಗಾಡಿಚಕ್ರ ಹರಿದು ಕಾಲು ಮುರಿದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಇಟ್ಟ. ಕೀವಾಗದೆ, ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿತು. ಆತ ವರದಿ ಮಾಡಿದ 11 ತೆರೆದ ಮುರಿತಗಳಲ್ಲಿ ಒಬ್ಬ ಸತ್ತ, ಒಬ್ಬನ ಕಾಲು ಹೋಯಿತು, 9 ಜನ ಕಾಲು ಉಳಿಸಿಕೊಂಡರು. ಮೂಳೆಗೆ ಲಿಸ್ಟರ್ ಹೊಸದಾಗಿ ಏನನ್ನೂ ಮಾಡಿರಲಿಲ್ಲ. ದಬ್ಬೆ ಕಟ್ಟುವ ಹಳೆಯ ಪದ್ಧತಿಯೇ ಸಾಕಾಗಿತ್ತು. ಆಮೇಲೆ 1898ರಲ್ಲಿ ಜರ್ಮನಿಯ ಪೌಲ್ ಫ್ರೀಡ್ರಿಕ್ ಗಿನಿಯಿಲಿಗಳ ಗಾಯಕ್ಕೆ ತೋಟದ ಮಣ್ಣನ್ನೂ ಮೆಟ್ಟಿಲ ಧೂಳನ್ನೂ ಸೇರಿಸಿ, ಆರು ಗಂಟೆಯೊಳಗೆ ಗಾಯದ ಅಂಚನ್ನು ಕತ್ತರಿಸಿ ತೆಗೆದರೆ ಸೋಂಕು ತಪ್ಪುತ್ತದೆಂದು ತೋರಿಸಿದ. ಈ ಇಲಿಗಳ ಲೆಕ್ಕವೇ ಮುಂದೆ ನೂರು ವರ್ಷ ಮನುಷ್ಯರಿಗೂ ಕಾನೂನಾಗಿ ನಿಂತಿತು! ಆರನೇ ಗಂಟೆಗೆ ಅಂಥ ಗಡಿ ಇಲ್ಲವೆಂದೂ ಮೊದಲ ಆಂಟಿಬಯಾಟಿಕ್ ಎಷ್ಟು ಬೇಗ ಸಿಕ್ಕಿತು, ಗಾಯವನ್ನು ಎಷ್ಟು ಚೊಕ್ಕವಾಗಿ ತೊಳೆದರು ಎಂಬುದು ಹೆಚ್ಚು ಮುಖ್ಯವೆಂದೂ ಈಚಿನ ಅಧ್ಯಯನಗಳು ಹೇಳುತ್ತವೆ. ಗಡಿಯಾರ ತಪ್ಪಿದರೂ ಫ್ರೀಡ್ರಿಕ್‌ನ ಮೂಲ ವಿಚಾರ ತಪ್ಪಲಿಲ್ಲ: ಸತ್ತ ಮಾಂಸ ಒಳಗಿರಬಾರದು.

ಇದಕ್ಕೆ ಸಹಜವಾಗಿ ಬರುವ ಆಕ್ಷೇಪಣೆ, ಆಂಟಿಬಯಾಟಿಕ್ ಬಂದ ಮೇಲೆ ಇದೆಲ್ಲ ಯಾಕೆ ಎಂಬುದು. ಆಂಟಿಬಯಾಟಿಕ್‌ನ ಉಪಕಾರ ಸಣ್ಣದಲ್ಲ. 1974ರಲ್ಲಿ ಪಟ್ಜಾಕಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಔಷಧಿ ಕೊಡದವರಲ್ಲಿ ಶೇ. 13.9 ಮಂದಿಗೆ ಸೋಂಕಾಯಿತು, ಸೆಫಲೋಥಿನ್ ಪಡೆದವರಲ್ಲಿ ಶೇ. 2.3 ಮಂದಿಗೆ ಮಾತ್ರ. ಆದರೆ ಔಷಧಿ ಹೋಗುವುದು ರಕ್ತದೊಂದಿಗೆ. ರಕ್ತ ಹರಿಯದ ಮಾಂಸಕ್ಕೂ ಮೂಳೆಚೂರಿಗೂ ಅದು ತಲುಪುವುದಿಲ್ಲ. ಪೆನಿಸಿಲಿನ್ ಬಳಕೆಗೆ ಬರುವ ಮೊದಲೇ ಸ್ಪೇನಿನ ಅಂತರ್ಯುದ್ಧದಲ್ಲಿ ಬಾರ್ಸಿಲೋನಾದ ಜೋಸೆಪ್ ಟ್ರುಯೆಟಾ ಸತ್ತ ಮಾಂಸವನ್ನೆಲ್ಲ ಕತ್ತರಿಸಿ, ಗಾಯವನ್ನು ಹೊಲಿಯದೆ ತೆರೆದಿಟ್ಟು, ಬಟ್ಟೆ ತುಂಬಿ, ಮೇಲೆ ಪ್ಲಾಸ್ಟರ್ ಕಟ್ಟಿ 1,073 ಗಾಯಾಳುಗಳಲ್ಲಿ ಕೇವಲ 6 ಸಾವಿನ ಲೆಕ್ಕ ಕೊಟ್ಟಿದ್ದ. ಇಂದಿಗೂ ಆಪರೇಷನ್ ಟೇಬಲ್ ಮೇಲೆ ಪರೀಕ್ಷೆ ಅದೇ. ಶಸ್ತ್ರವೈದ್ಯ ಇಕ್ಕಳದಿಂದ ಸ್ನಾಯುವನ್ನು ಚಿವುಟಿ ನೋಡುತ್ತಾನೆ: ಬಣ್ಣ ಕೆಂಪಗಿದೆಯೇ, ಹಿಡಿದರೆ ಗಟ್ಟಿಯಾಗಿದೆಯೇ, ಚಿವುಟಿದಾಗ ಅದುರುತ್ತದೆಯೇ, ಕತ್ತರಿಸಿದಾಗ ರಕ್ತ ಜಿನುಗುತ್ತದೆಯೇ? ಇಲ್ಲವಾದರೆ ಅದು ಹೋಗಬೇಕು. ಮೂಳೆಯ ಅಂಚಿಗೂ ಇದೇ ನ್ಯಾಯ. ಕೆಂಪು ಚುಕ್ಕೆಗಳು ಮೂಡುವವರೆಗೆ ಕೆರೆಯುತ್ತಾರೆ.

ಮೂಳೆವೈದ್ಯರು ಜಗತ್ತಿನಾದ್ಯಂತ ಬಳಸುವ ವರ್ಗೀಕರಣವೂ ನನ್ನ ಮಾತಿಗೆ ಸಾಕ್ಷಿ. 1976ರಲ್ಲಿ ಗುಸ್ಟಿಲೋ ಮತ್ತು ಆಂಡರ್ಸನ್ 1,025 ತೆರೆದ ಮುರಿತಗಳನ್ನು ಪರಿಶೀಲಿಸಿ ಮಾಡಿದ ಈ ವಿಂಗಡಣೆ ಮುಖ್ಯವಾಗಿ ಅಳೆಯುವುದು ಗಾಯವನ್ನು. ಒಂದು ಸೆಂಟಿಮೀಟರಿಗಿಂತ ಚಿಕ್ಕ ಚೊಕ್ಕ ಗಾಯ ಮೊದಲ ದರ್ಜೆ, ಅದಕ್ಕಿಂತ ದೊಡ್ಡದು ಎರಡು, ಮಾಂಸ ಜಜ್ಜಿಹೋದದ್ದು ಮೂರು. 1984ರಲ್ಲಿ ಮೂರನೆಯದನ್ನೇ ಮತ್ತೆ ಒಡೆದರು: ಮೂಳೆ ಮುಚ್ಚುವಷ್ಟು ಮಾಂಸ ಉಳಿದಿದ್ದರೆ ಎ, ಮೂಳೆ ಬತ್ತಲಾಗಿದ್ದರೆ ಬಿ, ರಕ್ತನಾಳ ಹೊಲಿಯಬೇಕಾದರೆ ಸಿ. ಕೊರತೆಯೂ ಇತ್ತು. 1994ರ ಒಂದು ಅಧ್ಯಯನದಲ್ಲಿ ಅದೇ ಗಾಯಗಳನ್ನು ತೋರಿಸಿ ಕೇಳಿದಾಗ ಶಸ್ತ್ರವೈದ್ಯರ ನಡುವೆ ಸರಾಸರಿ ಶೇ. 60ರಷ್ಟು ಮಾತ್ರ ಒಮ್ಮತ ಕಂಡಿತು. ಈ ಕೊರತೆಗೆ ಒಳ್ಳೆಯ ಉತ್ತರ ಬಂದದ್ದು ನಮ್ಮ ಪಕ್ಕದ ಕೊಯಮತ್ತೂರಿನಿಂದ. ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಚರ್ಮ, ಮೂಳೆ, ಸ್ನಾಯು ಮೂರಕ್ಕೂ ಬೇರೆಬೇರೆಯಾಗಿ 1ರಿಂದ 5 ಅಂಕ ಕೊಡುತ್ತದೆ. ಸಕ್ಕರೆ ಕಾಯಿಲೆ, ಆಘಾತದಂಥ ತೊಡಕುಗಳಿಗೆ ತಲಾ 2 ಸೇರುತ್ತದೆ. 14ರವರೆಗೆ ಕಾಲು ಉಳಿಸಲು ಯತ್ನಿಸು, 17 ಅಥವಾ ಹೆಚ್ಚಾದರೆ ಕತ್ತರಿಸುವುದು ಮೇಲು, ನಡುವಿನದು ಅನುಭವಕ್ಕೆ ಬಿಟ್ಟದ್ದು.

ಚರ್ಮಕ್ಕೆ ಇಷ್ಟು ಬೆಲೆ ಏಕೆ? ಮೂಳೆಗೆ ರಕ್ತ ಬರುವುದು ಒಳಗಿನ ಮಜ್ಜೆಯ ನಾಳದಿಂದ, ಹೊರಗಿನ ಪೊರೆಗೆ ಅಂಟಿದ ಮಾಂಸದಿಂದ. ಮುರಿದಾಗ ಒಳನಾಳ ತುಂಡಾಗುತ್ತದೆ. ಆಗ ಹೊರಗಿನ ಮಾಂಸವೇ ಮೂಳೆಗೆ ದಿಕ್ಕು. ಮೊಣಕಾಲ ಕೆಳಗಿನ ಮುಂಗಾಲ ಮೂಳೆಯ ಒಳಮೈಗೆ ಹೊದಿಕೆಯೆಂದರೆ ಬರೀ ಚರ್ಮ. ಅದೂ ಹೋದರೆ ಬೇರೆ ಕಡೆಯಿಂದ ಜೀವಂತ ಮಾಂಸವನ್ನು ಅದರ ರಕ್ತನಾಳದ ಸಮೇತ ತಂದು ಮುಚ್ಚಬೇಕು. ರಕ್ತ ಹರಿಯುತ್ತಿರುವಂತೆಯೇ ಚರ್ಮ ಸರಿಸುವ ವಿದ್ಯೆ ನಮ್ಮ ನೆಲಕ್ಕೆ ಹಳೆಯದು. ಟಿಪ್ಪು ಸುಲ್ತಾನನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿಯವನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿಕೊಟ್ಟ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಅಲ್ಲಿನ ವೈದ್ಯರನ್ನು ಬೆರಗುಗೊಳಿಸಿತ್ತು. ಈ ವಿದ್ಯೆ ಸೂಕ್ಷ್ಮದರ್ಶಕದಡಿ ಕಾಲಿಗೆ ಬಂದದ್ದು 1970ರ ದಶಕದ ಮೇಲೆ. ಸ್ಲೊವೇನಿಯಾದ ಮಾರ್ಕೊ ಗೊಡಿನಾ 532 ರೋಗಿಗಳ ಲೆಕ್ಕವನ್ನು 1986ರಲ್ಲಿ ಮುಂದಿಟ್ಟ: 72 ಗಂಟೆಯೊಳಗೆ ಮುಚ್ಚಿದವರಲ್ಲಿ ಸೋಂಕು ಶೇ. 1.5, ಅಲ್ಲಿಂದ ಮೂರು ತಿಂಗಳೊಳಗೆ ಮುಚ್ಚಿದವರಲ್ಲಿ ಶೇ. 17.5. ಇವು ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲವಾದ್ದರಿಂದ ಅಂಕಿಗಳನ್ನು ಹಾಗೆಹಾಗೆಯೇ ನಂಬಬೇಕಿಲ್ಲ. ಬೇಗ ಮುಚ್ಚಬೇಕೆಂಬ ದಿಕ್ಕು ಮಾತ್ರ ಅಲ್ಲಿಂದೀಚೆಗೆ ಬದಲಾಗಿಲ್ಲ.

ಯಂತ್ರಗಳ ಮೇಲಿನ ಭರವಸೆ ಅಷ್ಟಾಗಿ ಕೈಹಿಡಿದಿಲ್ಲ. 2015ರಲ್ಲಿ ಪ್ರಕಟವಾದ, 2,447 ರೋಗಿಗಳ ಫ್ಲೋ ಪ್ರಯೋಗದಲ್ಲಿ ಹೆಚ್ಚಿನ ಒತ್ತಡದಲ್ಲಿ ನೀರು ಹಾಯಿಸುವುದರಿಂದ ಲಾಭ ಕಾಣಲಿಲ್ಲ. ಸೋಪು ಬೆರೆಸಿದ್ದಕ್ಕಿಂತ ಬರೀ ಸಲೈನೇ ಮೇಲಾಯಿತು. ಗಾಯದ ಮೇಲೆ ನಿರ್ವಾತ ಪಟ್ಟಿ ಕೂರಿಸಿದರೂ ವರ್ಷದ ಕೊನೆಯ ಫಲಿತಾಂಶ ಸಾಮಾನ್ಯ ಪಟ್ಟಿಗಿಂತ ಮೇಲಾಗಲಿಲ್ಲ ಎಂದು 2018ರ ಬ್ರಿಟನ್ನಿನ ಪ್ರಯೋಗ ಹೇಳಿತು. ಇನ್ನು, ಕಾಲು ಉಳಿಸಲೇಬೇಕೆಂಬ ಹಟವೂ ಸರಿಯಲ್ಲ: ಅಮೆರಿಕದ ಲೀಪ್ ಅಧ್ಯಯನ 2002ರಲ್ಲಿ ಕಂಡಂತೆ ಕಾಲು ಉಳಿದವರೂ ಕಳೆದುಕೊಂಡವರೂ ಎರಡು ವರ್ಷದ ನಂತರ ಬದುಕಿನಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ನಾಟಿ ವೈದ್ಯರ ಪುತ್ತೂರು ಕಟ್ಟಿನಿಂದ ಎಷ್ಟೋ ಜನಕ್ಕೆ ವಾಸಿಯಾಗಿಲ್ಲವೇ ಎಂದು ಕೇಳುವವರಿದ್ದಾರೆ. ಆಗಿರಬಹುದು, ಚರ್ಮ ಹರಿಯದ ಸರಳ ಮುರಿತ ಅಲುಗಾಡದಂತಿದ್ದರೆ ತಾನಾಗಿ ಕೂಡುತ್ತದೆ. ತೆರೆದ ಗಾಯವನ್ನು ಸೊಪ್ಪಿನ ರಸ ಮೆತ್ತಿ ಬಿಗಿದು ಕಟ್ಟಿದರೆ ಕೊಳೆ ಒಳಗೇ ಉಳಿಯುತ್ತದೆ.

ಆದ್ದರಿಂದ ಅಪಘಾತದಲ್ಲಿ ಮೂಳೆ ಹೊರಬಿದ್ದ ಕಾಲು ಕಂಡರೆ ಅರಿಸಿನ, ಕಾಫಿಪುಡಿ, ಮಣ್ಣು ಏನನ್ನೂ ಹಾಕಬೇಡಿ, ಮೂಳೆಯನ್ನು ಒಳಗೆ ತಳ್ಳಬೇಡಿ. ಶುಭ್ರ ಬಟ್ಟೆ ಮುಚ್ಚಿ, ರಕ್ತ ಸುರಿಯುತ್ತಿದ್ದರೆ ಒತ್ತಿಹಿಡಿದು, ಕಾಲು ಅಲುಗದಂತೆ ಹಲಗೆಗೆ ಕಟ್ಟಿ, ಮೂಳೆವೈದ್ಯರೂ ಪ್ಲಾಸ್ಟಿಕ್ ಸರ್ಜನ್ನರೂ ಒಂದೇ ಸೂರಿನಡಿ ಸಿಗುವ ಆಸ್ಪತ್ರೆಗೆ ಆದಷ್ಟು ಬೇಗ ಸಾಗಿಸಿ. ಅದು ದೂರವಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡಿಸಿ ಮುಂದೆ ಹೊರಡಿ.